ಅತ್ತೆ ಕೊಟ್ಟ ಹಳೆ ಉರುಳಿ, ಗಂಡ ತಂದ ತೂಕದ ಯಂತ್ರ

ಪ್ರಶ್ನೆ: ನಾನು ಕಾಸರಗೋಡಿನ ಬದಿಯಡ್ಕದ ಹತ್ತಿರದವಳು. ಮದುವೆಯಾಗಿ ಎಂಟು ವರ್ಷ ಆಯಿತು. ಈ ಸಲ ವಿಷು ಕಳೆದ ಮೇಲೆ ನಮ್ಮ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ, ಇತ್ತು. ಅತ್ತೆ ನನ್ನ ಕೈಗೆ ಕೊಟ್ಟದ್ದು ಒಂದು ಹಳೆ ಕಂಚಿನ ಉರುಳಿ, ಅಗಲ ಬಾಯಿಯ ಅಡುಗೆ ಪಾತ್ರೆ. ಒಂದು ಹಿಡಿ ಅಲ್ಲಾಡುತ್ತದೆ, ತಳ ಪೂರ್ತಿ ಕಪ್ಪು. ಓರಗಿತ್ತಿಗೆ ಎರಡು ವರ್ಷದ ಹಿಂದೆ ಎರಡು ಪವನಿನ ಬಳೆ ಕೊಟ್ಟಿದ್ದರು. ಅದೇ ತಿಂಗಳು ನನ್ನ ಹುಟ್ಟುಹಬ್ಬ ಬಂತು. ಗಂಡ ತಂದದ್ದು ನಿಂತು ತೂಕ ನೋಡುವ ಯಂತ್ರ! ಸೋದರತ್ತೆ ಒಕ್ಕಲಿಗೆ ಗೋಡೆ ಗಡಿಯಾರ ತಂದರು. ಅವರು ನನಗೆ ಕೊಟ್ಟ ನಾಲ್ಕನೆಯ ಗಡಿಯಾರ ಇದು. ನನ್ನ ಅಪ್ಪ ರಿಟೈರ್ಡ್ ಮಾಸ್ತರು. ಆರು ವರ್ಷದ ಮೊಮ್ಮಗಳಿಗೆ ಕನ್ನಡ ಕಾಪಿ ಪುಸ್ತಕ ತಂದುಕೊಟ್ಟರು. ಅವಳು ಕಾಗದ ಹರಿದು ನೋಡಿ ಎಲ್ಲರ ಎದುರು 'ಇದು ನಂಗೆ ಬೇಡ' ಎಂದಳು. ಗದರಿಸಿದೆ, ಅತ್ತಳು. ರಾತ್ರಿ ಯೋಚನೆ ಬಂತು: ಅವಳು ಬಾಯಲ್ಲಿ ಹೇಳಿದ್ದನ್ನೇ ನಾನು ಮನಸ್ಸಲ್ಲಿ ಹೇಳಿದ್ದಲ್ವಾ? ನನಗೆ ದುರಾಸೆಯಾ? ಇಂಥದ್ದನ್ನೆಲ್ಲ ನುಂಗಿಕೊಳ್ಳಬೇಕಾ, ಹೇಳಬೇಕಾ? ಬೇಡದ್ದನ್ನು ಬೇರೆಯವರಿಗೆ ಕೊಟ್ಟರೆ ತಪ್ಪಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬಳೆಯ ತೂಕ ಬಿಟ್ಟರೆ ಎಲ್ಲೂ ದುಡ್ಡಿನ ಮಾತಿಲ್ಲ. ಅಲ್ಲಾಡುವ ಹಿಡಿ, ಕಪ್ಪು ತಳ, ನಾಲ್ಕನೆಯ ಗಡಿಯಾರ, ಇಂಥವೇ ಇವೆ. ದುರಾಸೆಯವರು ಹೀಗೆ ಬರೆಯುವುದಿಲ್ಲ. 'ನನ್ನನ್ನು ಏನು ಅಂತ ಎಣಿಸಿ ಇದನ್ನು ಕೊಟ್ಟರು' ಎಂಬುದು ನಿಮ್ಮ ತಲೆ ಕೊರೆಯುತ್ತಿದೆ. ಅದು ಕೇಳಬೇಕಾದ ಪ್ರಶ್ನೆಯೇ.

ಕುಟುಂಬಗಳ ಜಗಳ ಕೇಳುವುದೇ ನನ್ನ ಕೆಲಸ. ಜನ ಬರುವಾಗ ದೊಡ್ಡ ಕಾರಣ ಹಿಡಿದುಕೊಂಡು ಬರುತ್ತಾರೆ. ತೋಟದ ಪಾಲು, ಕುಡಿತ, ಬೇರೆ ಮನೆ ಮಾಡುವ ವಿಚಾರ. ಎರಡು ಸಲ ಅದನ್ನೇ ಹೇಳುತ್ತಾರೆ. ಮೂರನೆಯ ಸಲ ಬಂದಾಗ ಒಂದು ಸೀರೆ ಹೊರಗೆ ಬರುತ್ತದೆ. ಹದಿನೈದು ವರ್ಷದ ಹಿಂದೆ ಸೀಮಂತಕ್ಕೆ ಕೊಟ್ಟ, ಒಂದೇ ಒಗೆತಕ್ಕೆ ಬಣ್ಣ ಬಿಟ್ಟ ಸೀರೆ. ಆ ಸೀರೆ ಹರಿದು ನೆಲ ಒರೆಸುವ ಬಟ್ಟೆಯಾಗಿ ಅದೂ ಮುಗಿದಿರುತ್ತದೆ. ಆದರೆ ಅಂಚಿನ ಬಣ್ಣ ಯಾವುದು, ಯಾರು ಪಕ್ಕದಲ್ಲಿ ನಿಂತು ನಕ್ಕರು, ಎಲ್ಲ ನೆನಪಿರುತ್ತದೆ. ಹಾಗಾಗಿ ನಿಮ್ಮ ಉರುಳಿಯ ವಿಷಯವನ್ನು ನಾನು ಸಣ್ಣದು ಎನ್ನುವುದಿಲ್ಲ.

ನನ್ನದೂ ಒಂದು ಇದೆ. ಎಸ್ಸೆಸ್ಸೆಲ್ಸಿ ಪಾಸಾದಾಗ ಗಲ್ಫಿನಲ್ಲಿದ್ದ ಸೋದರಮಾವ ಏನೋ ತರುತ್ತಾರೆ ಎಂದು ಕಾದಿದ್ದೆ. ವಾಚು ಇರಬಹುದು ಅಂತ ಆಸೆ. ಪೆಟ್ಟಿಗೆ ಬಿಚ್ಚಿದರೆ ಕಂಬಳಿ. ಹುಲಿಯ ಚಿತ್ರ ಇರುವ, ಎತ್ತಲು ಇಬ್ಬರು ಬೇಕಾದ ದಪ್ಪ ಕಂಬಳಿ. ನಮ್ಮ ಊರಿನ ಮೇ ತಿಂಗಳು ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾ? ಫ್ಯಾನಿನ ಕೆಳಗೂ ಬೆವರು. ಆ ಕಂಬಳಿಯನ್ನು ನಾನು ಒಂದು ರಾತ್ರಿಯೂ ಹೊದ್ದಿಲ್ಲ. ಅಜ್ಜಿ ಬಾಳೆಗೊನೆ ಹಣ್ಣು ಮಾಡಲು ಅದನ್ನು ಸುತ್ತಿಡುತ್ತಿದ್ದರು. ಗೊನೆ ಬೇಗ ಹಣ್ಣಾಗುತ್ತಿತ್ತು. ಮಾವ ಊರಿಗೆ ಬಂದಾಗಲೆಲ್ಲ ಹುಲಿಯನ್ನು ಬಾಳೆಕಾಯಿಯಿಂದ ಬಿಡಿಸಿ, ಕೊಡವಿ, ನನ್ನ ಮಂಚದ ಮೇಲೆ ಹಾಸುವುದು ಅಮ್ಮನ ಕೆಲಸ.

ಎಷ್ಟೋ ವರ್ಷ ಆದ ಮೇಲೆ ಮಾವನ ಹತ್ತಿರ ಸುಮ್ನೆ ಕೇಳಿದೆ, 'ಕಂಬಳಿ ಯಾಕೆ ತಂದಿರಿ?' ಅವರು ಹೇಳಿದ್ದು: 'ನಮ್ಮ ರೂಮಿನಲ್ಲಿ ಎಸಿ ಇತ್ತು. ರಾತ್ರಿ ಹೊದೆಯಲು ಇಂಥ ಕಂಬಳಿ ಇದ್ದವನೇ ರಾಜ.' ಅವರು ತಮ್ಮ ರೂಮಿನ ಚಳಿಗೆ ಬೇಕಾದದ್ದನ್ನು ನನಗೆ ಕೊಟ್ಟಿದ್ದರು. ನಾನು ನನ್ನ ಸೆಕೆಯಲ್ಲಿ ಕೂತು ಅದನ್ನು ಬಿಚ್ಚಿದ್ದೆ.

ನಮ್ಮ ಭಾಷೆಯಲ್ಲಿ ಮುಯ್ಯಿ ಎಂಬ ಮಾತಿದೆ. ಮದುವೆಯಲ್ಲಿ ಕೊಡುವ ಮುಯ್ಯಿ, ಅದನ್ನು ಬರೆದಿಡುವ ಪುಸ್ತಕ. ಅವರ ಮನೆಯ ಮದುವೆ ಬಂದಾಗ ಆ ಪುಟ ನೋಡಿ ಕೊಡುವುದು. ನಮ್ಮ ದಕ್ಷಿಣಕ್ಕೆ ವಡಗರ ಕಡೆ ಹೋದರೆ ಇದನ್ನೇ ಒಂದು ವ್ಯವಸ್ಥೆ ಮಾಡಿದ್ದಾರೆ. ಪಣಪ್ಪಯಟ್ಟು ಅಂತ ಹೆಸರು. ದುಡ್ಡು ಬೇಕಾದವನು ಚಹಾಕ್ಕೆ ಕರೆಯುತ್ತಾನೆ. ಬಂದವರು ಹಣ ಕೊಡುತ್ತಾರೆ, ಹೆಸರು ಪುಸ್ತಕಕ್ಕೆ ಸೇರುತ್ತದೆ. ಅವರ ಸರದಿ ಬಂದಾಗ ಇವನು ಸ್ವಲ್ಪ ಸೇರಿಸಿ ಹಿಂದೆ ಕೊಡಬೇಕು. ಮಾರ್ಸೆಲ್ ಮಾಸ್ ಎಂಬ ಫ್ರೆಂಚ್ ವಿದ್ವಾಂಸರು 1925ರಲ್ಲಿ ಲೋಕದ ಹಲವು ಕಡೆಯ ಪದ್ಧತಿಗಳನ್ನು ಒಟ್ಟಿಗೆ ಇಟ್ಟು ನೋಡಿ, ಉಡುಗೊರೆಯಲ್ಲಿ ಮೂರು ಕಡ್ಡಾಯಗಳಿವೆ ಎಂದರು: ಕೊಡಬೇಕು, ತೆಗೆದುಕೊಳ್ಳಬೇಕು, ಹಿಂದೆ ಕೊಡಬೇಕು. ಮದುವೆ ಹಾಲಿನ ಬಾಗಿಲಲ್ಲಿ ಪುಸ್ತಕ ಹಿಡಿದು ಕೂತ ಚಿಕ್ಕಪ್ಪನಿಗೆ ಇದು ಯಾವತ್ತೋ ಗೊತ್ತಿತ್ತು.

ತೊಂದರೆ ಎಲ್ಲಿ ಅಂದರೆ, ಮನೆಯೊಳಗೆ ಇರುವುದು ಒಂದೇ ಪುಸ್ತಕ ಅಲ್ಲ. ಮುಯ್ಯಿಯದ್ದು ಒಂದು. ಮನೆಖರ್ಚಿನದ್ದು ಇನ್ನೊಂದು. ಹಿರಿಯರಿಂದ ಕಿರಿಯರಿಗೆ ಇಳಿದು ಬರುವ ವಸ್ತುಗಳದ್ದು ಮತ್ತೊಂದು. ಯಾರೂ ಏನೂ ಬರೆದಿಡದ, ಸುಮ್ನೆ ಖುಷಿಗೆ ಕೊಡುವ ಪುಸ್ತಕವೂ ಇದೆ. ಕೊಟ್ಟವರು ಒಂದರಲ್ಲಿ ಬರೆಯುತ್ತಾರೆ, ತೆಗೆದುಕೊಂಡವರು ಇನ್ನೊಂದನ್ನು ತೆರೆದು ಓದುತ್ತಾರೆ. ನಾನು ಕಂಡ ಉಡುಗೊರೆಯ ಜಗಳಗಳಲ್ಲಿ ಹೆಚ್ಚಿನವು ಇಲ್ಲಿ ಹುಟ್ಟಿದವು. ನಿಮ್ಮ ನಾಲ್ಕು ಉಡುಗೊರೆಗಳನ್ನೂ ಹೀಗೇ ನೋಡೋಣ.

ಉರುಳಿಯಿಂದ ಶುರು ಮಾಡುತ್ತೇನೆ. ಇದರ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ.

ವಿಷು ಕಳೆದ ಮೇಲೆ ಒಕ್ಕಲು ಎಂದು ಬರೆದಿದ್ದೀರಿ. ನಿಮ್ಮ ಅತ್ತೆ ಮನೆಯಲ್ಲಿ ವಿಷು ಕಣಿ ಯಾವುದರಲ್ಲಿ ಇಡುತ್ತಿದ್ದರು, ನೆನಪಿದೆಯಾ? ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅದು ಕಂಚಿನ ಉರುಳಿಯೇ. ಅಕ್ಕಿ, ಸೌತೆಕಾಯಿ, ತೆಂಗಿನಕಾಯಿ, ಕನ್ನಡಿ, ಚಿನ್ನ, ಕೊನ್ನೆ ಹೂ ಎಲ್ಲ ಅದರೊಳಗೆ. ವರ್ಷಕ್ಕೊಂದು ಸಲ ಕಣ್ಣು ಬಿಟ್ಟ ಕೂಡಲೇ ನೋಡುವ ಪಾತ್ರೆ. ಉಳಿದ ದಿನ ಅದರಲ್ಲೇ ಪಾಯಸ, ಹಲಸಿನ ಹಣ್ಣಿನ ಕಾಲದಲ್ಲಿ ಬೆರಟಿ, ಅಂದರೆ ಹಣ್ಣನ್ನು ಬೆಲ್ಲ ಹಾಕಿ ಗಟ್ಟಿಯಾಗುವವರೆಗೆ ಕಾಯಿಸಿದ್ದು. ಬೆರಟಿ ಕಾಯಿಸಿದವರಿಗೆ ಗೊತ್ತು, ತೆಳು ಪಾತ್ರೆಯಲ್ಲಿ ಅದು ಹತ್ತು ನಿಮಿಷಕ್ಕೆ ತಳ ಹಿಡಿಯುತ್ತದೆ. ಉರುಳಿಯ ತಳ ದಪ್ಪ, ಬಿಸಿ ನಿಧಾನಕ್ಕೆ ಹರಡುತ್ತದೆ. ಆ ಕಪ್ಪು ತಳ ಎಷ್ಟು ಹಲಸಿನ ಹಣ್ಣಿನ ಲೆಕ್ಕವೋ!

ನಿಮ್ಮದು ಆ ಉರುಳಿಯೇ ಎಂದು ನಾನು ಹೇಳುತ್ತಿಲ್ಲ. ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ಯಾವುದೋ ಪಾತ್ರೆ ಇರಲೂಬಹುದು. ಕೆಲವು ಅತ್ತೆಯಂದಿರು ಅಟ್ಟ ಖಾಲಿ ಮಾಡಲು ಒಕ್ಕಲಿನ ಮುಹೂರ್ತ ಕಾಯುತ್ತಾರೆ, ಅದೂ ಸತ್ಯ. ಆದರೆ ಕೇಳದೆ ತಿಳಿಯುವುದಿಲ್ಲ. ಒಂದು ದಿನ ಅವರು ಪುರುಸೊತ್ತಿನಲ್ಲಿ ಅಡಿಕೆ ಸುಲಿಯುತ್ತಲೋ, ಹೂ ಕಟ್ಟುತ್ತಲೋ ಕೂತಾಗ ಕೇಳಿ: 'ಅತ್ತೆ, ಆ ಉರುಳಿ ಯಾರ ಕಾಲದ್ದು? ಅದರಲ್ಲಿ ಏನು ಮಾಡ್ತಿದ್ರಿ?' ಅಷ್ಟೇ ಸಾಕು. ಬಳೆಯ ಮಾತು ಆ ದಿನ ಬೇಡ. ಅವರ ಉತ್ತರ ಉದ್ದ ಇದ್ದರೆ ಅವರು ಅದನ್ನು ಹಿರಿಯರ ಪುಸ್ತಕದಲ್ಲಿ ಬರೆದುಕೊಟ್ಟಿದ್ದಾರೆ. 'ಏನೋ, ಅಲ್ಲಿ ಇತ್ತು' ಅಂದರೆ ಅಟ್ಟದ್ದು. ಎರಡರಲ್ಲಿ ಯಾವುದೇ ಆದರೂ ನಿಮಗೆ ತಿಳಿದ ಹಾಗೆ ಆಯಿತು.

ಈಗ ಬಳೆ. ಇಲ್ಲಿ ನಾನು ನಿಮ್ಮ ಪರವಾಗಿಯೇ ನಿಲ್ಲುತ್ತೇನೆ. 'ಅಯ್ಯೋ, ಬಳೆಗಿಂತ ಉರುಳಿ ದೊಡ್ಡದು, ಅದರಲ್ಲಿ ಪ್ರೀತಿ ಇದೆ' ಎಂದು ಸಮಾಧಾನ ಹೇಳುವವರು ಬರುತ್ತಾರೆ. ನಂಬಬೇಡಿ. ಎರಡು ಪವನು ಅಂದರೆ 16 ಗ್ರಾಂ ಚಿನ್ನ. ಇಬ್ಬರು ಸೊಸೆಯರಲ್ಲಿ ಒಬ್ಬಳಿಗೆ ಅದು, ಇನ್ನೊಬ್ಬಳಿಗೆ ಹಿಡಿ ಅಲ್ಲಾಡುವ ಪಾತ್ರೆ ಎಂದರೆ ಯಾರಿಗಾದರೂ ನೋವಾಗುತ್ತದೆ. ಆದರೆ ಒಂದು ವಿಷಯ ಗಮನಿಸಿದೆ. ಬಳೆ ಯಾವ ಸಂದರ್ಭಕ್ಕೆ ಕೊಟ್ಟದ್ದು ಎಂದು ನೀವು ಬರೆದಿಲ್ಲ. ಬಹುಶಃ ನಿಮಗೆ ಗೊತ್ತಿಲ್ಲ.

ಕೇಳಬೇಕಾದ್ದು ಅದನ್ನೇ. ನಾನು ಕಂಡ ಒಂದು ಮನೆಯಲ್ಲಿ ದೊಡ್ಡ ಸೊಸೆ ತನ್ನ ಚಿನ್ನವನ್ನು ಮಾವನ ಆಪರೇಷನ್ನಿಗೆ ಅಡವಿಡಲು ಕೊಟ್ಟಿದ್ದಳು. ಬಿಡಿಸಲು ಆಗಲಿಲ್ಲ. ಐದು ವರ್ಷ ಬಿಟ್ಟು ಅತ್ತೆ ಅಡಿಕೆ ಮಾರಿದ ದುಡ್ಡಲ್ಲಿ ಬಳೆ ಮಾಡಿಸಿಕೊಟ್ಟರು. ಚಿಕ್ಕ ಸೊಸೆಗೆ ಕಂಡದ್ದು ಬಳೆ ಮಾತ್ರ. ಅದು ಉಡುಗೊರೆಯೇ ಅಲ್ಲ, ಸಾಲ ತೀರಿಸಿದ್ದು. ಇನ್ನೊಂದು ಮನೆಯಲ್ಲಿ ಅಂಥ ಕಾರಣ ಯಾವುದೂ ಇರಲಿಲ್ಲ. ಅತ್ತೆಗೆ ಒಬ್ಬಳು ಇಷ್ಟ, ಇನ್ನೊಬ್ಬಳು ಅಷ್ಟಕ್ಕಷ್ಟೆ. ಅಲ್ಲಿ ಸಮಾಧಾನದ ಮಾತಿನಿಂದ ಏನೂ ಆಗಲಿಲ್ಲ.

ನಿಮ್ಮದು ಯಾವುದು ಎಂದು ತಿಳಿಯಲು ಗಂಡನ ಹತ್ತಿರ ಮಾತಾಡಿ. ಇದು ಅವರ ಅಮ್ಮನ ಲೆಕ್ಕ, ಅವರೇ ಕೇಳಲಿ. ಸೊಸೆ ಕೇಳಿದರೆ ಜಗಳ, ಮಗ ಕೇಳಿದರೆ ವಿಚಾರಣೆ. ಇದು ನ್ಯಾಯ ಅಲ್ಲ, ಆದರೆ ಹಾಗೇ ನಡೆಯುತ್ತದೆ. ಓರಗಿತ್ತಿಯನ್ನು ಮಾತ್ರ ಈ ವಿಷಯಕ್ಕೆ ಎಳೆಯಬೇಡಿ. ಕೊಟ್ಟದ್ದನ್ನು ತೆಗೆದುಕೊಂಡದ್ದು ಬಿಟ್ಟು ಅವರು ಬೇರೇನೂ ಮಾಡಿಲ್ಲ.

ಕಾನೂನನ್ನು ಇಲ್ಲಿ ಎರಡು ಸಾಲಿನಲ್ಲಿ ಮುಗಿಸುತ್ತೇನೆ, ಯಾಕೆಂದರೆ ಕೆಲವರು ಇಲ್ಲಿಂದ ನೇರ ವಕೀಲರ ಹತ್ತಿರ ಓಡುತ್ತಾರೆ. ತನ್ನ ಸ್ವಂತ ವಸ್ತುವನ್ನು ಯಾರಿಗೆ ಬೇಕಾದರೂ ಕೊಡಬಹುದು, ಎಲ್ಲರಿಗೂ ಸಮ ಕೊಡಬೇಕೆಂಬ ಕಾನೂನು ಉಡುಗೊರೆಗೆ ಇಲ್ಲ. ಆದರೆ ನಿಮಗೆ ಕೊಟ್ಟದ್ದು ಸ್ತ್ರೀಧನ, ಅದು ಪೂರ್ತಿ ನಿಮ್ಮದೇ. 1985ರಲ್ಲಿ ಸುಪ್ರೀಂ ಕೋರ್ಟು ಪ್ರತಿಭಾ ರಾಣಿ ಪ್ರಕರಣದಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿದೆ. ಬಳೆ ಅವರದ್ದು, ಉರುಳಿ ನಿಮ್ಮದು.

ಕಾನೂನಿನ ಇನ್ನೊಂದು ಮಾತು ನನಗೆ ತುಂಬ ಇಷ್ಟ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 122ನೇ ಸೆಕ್ಷನ್ ಪ್ರಕಾರ, ಕೊಟ್ಟ ಮಾತ್ರಕ್ಕೆ ದಾನ ಆಗುವುದಿಲ್ಲ. ತೆಗೆದುಕೊಳ್ಳುವವರು ಒಪ್ಪಬೇಕು, ಅದೂ ಕೊಟ್ಟವರು ಬದುಕಿರುವಾಗಲೇ. ತೆಗೆದುಕೊಳ್ಳುವುದನ್ನು ನಾವು ಸುಮ್ನೆ ಕೈ ಚಾಚುವುದು ಅಂದುಕೊಂಡಿದ್ದೇವೆ. ಕಾಯ್ದೆ ಅದನ್ನೂ ಒಂದು ಕೆಲಸ ಎಂದೇ ಲೆಕ್ಕ ಹಾಕಿದೆ.

ಇನ್ನು ತೂಕದ ಯಂತ್ರ. ಓದುವಾಗ ನಗು ಬಂತು, ಕ್ಷಮಿಸಿ. ಆಮೇಲೆ ನಿಮ್ಮ ಬಗ್ಗೆ ಪಾಪ ಅನ್ನಿಸಿತು.

ಉಡುಗೊರೆಗಳಲ್ಲಿ ಒಂದು ಜಾತಿ ಇದೆ, ಸಲಹೆಗೆ ಬಣ್ಣದ ಕಾಗದ ಸುತ್ತಿ ಕೊಡುವುದು. ತೂಕದ ಯಂತ್ರ, ಮುಖಕ್ಕೆ ಹಚ್ಚುವ ಕ್ರೀಮು, 'ಸಮಯ ಉಳಿಸುವುದು ಹೇಗೆ' ಎಂಬಂಥ ಪುಸ್ತಕ. ಮಿಕ್ಸಿ, ಕುಕ್ಕರು ಇದಕ್ಕೆ ಸೇರುವುದಿಲ್ಲ, ಅವು ಮನೆಖರ್ಚಿನ ಪುಸ್ತಕದವು. ಅವನ್ನು ಹುಟ್ಟುಹಬ್ಬದ ದಿನ ತಂದರೆ ಬೇಸರ ಆಗುತ್ತದೆ, ಅವಮಾನ ಆಗುವುದಿಲ್ಲ. ಸಲಹೆಯ ಉಡುಗೊರೆ ಹಾಗಲ್ಲ. 'ನೀನು ಈಗ ಇರುವ ಹಾಗೆ ಸಾಲದು' ಎಂದು ಅದು ಹೇಳುತ್ತದೆ.

ಆದರೂ ಒಂದು ಮಾತು ಕೇಳುತ್ತೇನೆ. ಕಳೆದ ಆರು ತಿಂಗಳಲ್ಲಿ 'ತೂಕ ಜಾಸ್ತಿಯಾಗಿದೆ' ಎಂದು ನೀವು ಮನೆಯಲ್ಲಿ ಎಷ್ಟು ಸಲ ಹೇಳಿರಬಹುದು? ಹೆಂಗಸರು ತಮ್ಮಷ್ಟಕ್ಕೆ ಗೊಣಗಿದ್ದನ್ನು ಗಂಡಸರು ಸಾಮಾನಿನ ಚೀಟಿಯ ಹಾಗೆ ಕೇಳಿಸಿಕೊಳ್ಳುತ್ತಾರೆ. 'ಬೆನ್ನು ನೋವು' ಎಂದರೆ ಬೆಲ್ಟು ಬರುತ್ತದೆ. 'ಕತ್ತಲೆ' ಎಂದರೆ ಟಾರ್ಚು. ನಿಮ್ಮ ಯಜಮಾನರು 'ಇವಳು ಹೇಳಿದ್ದನ್ನು ನೆನಪಿಟ್ಟು ತಂದೆ' ಎಂದು ಹೆಮ್ಮೆಯಿಂದ ಪೆಟ್ಟಿಗೆ ಹೊತ್ತು ಬಂದಿರುವ ಸಾಧ್ಯತೆ ಸಾಕಷ್ಟಿದೆ.

ಇಷ್ಟು ಹೇಳಿ 'ಹಾಗಾಗಿ ನೀವೇ ಅರ್ಥ ಮಾಡಿಕೊಳ್ಳಿ' ಎನ್ನಲು ನನಗೆ ಮನಸ್ಸಿಲ್ಲ. ಅರ್ಥ ಮಾಡಿಕೊಳ್ಳುವ ಕೆಲಸ ಯಾವಾಗಲೂ ಹೆಂಗಸರ ಪಾಲಿಗೇ ಬರುವುದು ನೋಡಿ ನೋಡಿ ಸಾಕಾಗಿದೆ. ಇದನ್ನು ನುಂಗಬೇಡಿ, ಹೇಳಿ. ಅತ್ತೆಯ ವಿಷಯದಲ್ಲಿ ಕಾಯಿರಿ ಎಂದೆ, ಗಂಡನ ವಿಷಯದಲ್ಲಿ ಕಾಯುವುದು ಬೇಡ. ಮಗಳು ಮಲಗಿದ ಮೇಲೆ ಹೇಳಿ: 'ನೋಡಿ, ನೀವು ನೆನಪಿಟ್ಟು ತಂದದ್ದು ಖುಷಿ. ಆದರೆ ಹುಟ್ಟುಹಬ್ಬದ ದಿನ ತೂಕದ ಯಂತ್ರ ನೋಡಿ ನನಗೆ ಅಳು ಬಂತು.' ಇಷ್ಟೇ ಹೇಳಿ. 'ನಿಮಗೆ ನಾನು ದಪ್ಪ ಅಂತ ಅನಿಸಿದ್ದಾ' ಎಂದು ಮುಂದೆ ಕೇಳಬೇಡಿ. ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟ ಗಂಡಸು ಇನ್ನೂ ಹುಟ್ಟಿಲ್ಲ.

ಮುಂದಿನ ವರ್ಷಕ್ಕೆ ಏನು ಬೇಕು ಎಂದು ಬಾಯಿ ಬಿಟ್ಟು ಹೇಳಿ. 'ಹೇಳಿ ತರಿಸಿಕೊಂಡರೆ ಅದೆಂಥ ಉಡುಗೊರೆ' ಎಂದು ನಮ್ಮವರು ಮೂಗು ಮುರಿಯುತ್ತಾರೆ. ಅಮೆರಿಕದಲ್ಲಿ ಫ್ರಾನ್ಸೆಸ್ಕಾ ಜಿನೋ ಮತ್ತು ಫ್ರಾನ್ಸಿಸ್ ಫ್ಲಿನ್ 2011ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಕೇಳಿದ್ದನ್ನೇ ಕೊಟ್ಟಾಗ ತೆಗೆದುಕೊಂಡವರಿಗೆ ಜಾಸ್ತಿ ಖುಷಿಯಾಗಿತ್ತು. ಕೊಡುವವರು ಮಾತ್ರ, ತಾವಾಗಿಯೇ ಯೋಚಿಸಿ ತಂದದ್ದು ಅಷ್ಟೇ ಹಿಡಿಸುತ್ತದೆ ಅಂದುಕೊಂಡಿದ್ದರು. ನಮ್ಮ ಮನೆಯಲ್ಲಿ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಚೀಟಿ ಇರುತ್ತದೆ. ಬೇಕಾದವರು ಬೇಕಾದ್ದನ್ನು ಬರೆಯುತ್ತಾರೆ. ಕಾಸರಗೋಡು ಸೀರೆ ಎಂದು ನಾನು ಬರೆದು ಒಂದೂವರೆ ವರ್ಷ ಆಯಿತು, ಬಂದಿಲ್ಲ. ಆದರೆ ಟಾರ್ಚಂತೂ ಮತ್ತೆ ಬಂದಿಲ್ಲ.

ನಾಲ್ಕು ಗಡಿಯಾರ. ಇದು ಇದ್ದದ್ದರಲ್ಲಿ ಸುಲಭ. ಮೊದಲ ಗಡಿಯಾರ ಬಂದಾಗ ನೀವು ಏನು ಹೇಳಿದಿರಿ? 'ಅಬ್ಬಾ, ಎಷ್ಟು ಚಂದ ಇದೆ ಅತ್ತೆ, ಇಂಥದ್ದೇ ಬೇಕಿತ್ತು' ಎಂದಿರಬೇಕು. ಸೋದರತ್ತೆ ಅದನ್ನು ಹಾಗೇ ನಂಬಿದ್ದಾರೆ. ಸುಳ್ಳು ಹೊಗಳಿಕೆ ಎಂದರೆ ಮುಂದಿನ ವರ್ಷದ ಆರ್ಡರ್. ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಕೇಳಿ ಜೋಯೆಲ್ ವಾಲ್ಡ್‌ಫೋಗೆಲ್ ಎಂಬ ಅರ್ಥಶಾಸ್ತ್ರಜ್ಞರು 1993ರಲ್ಲಿ ಒಂದು ಲೆಕ್ಕ ಬರೆದರು. ಉಡುಗೊರೆಗೆ ಕೊಟ್ಟವರು ಹಾಕಿದ ದುಡ್ಡಿಗೂ, ತೆಗೆದುಕೊಂಡವರು ಅದಕ್ಕೆ ಕಟ್ಟುವ ಬೆಲೆಗೂ ಹತ್ತರಲ್ಲಿ ಒಂದು ಪಾಲಿನಿಂದ ಮೂರರಲ್ಲಿ ಒಂದು ಪಾಲಿನವರೆಗೆ ವ್ಯತ್ಯಾಸ. ಅತ್ತೆ, ಮಾವ, ಅಜ್ಜ, ಅಜ್ಜಿಯಂಥ ದೂರದಿಂದ ನೋಡುವವರ ಉಡುಗೊರೆಯಲ್ಲಿ ಈ ನಷ್ಟ ಜಾಸ್ತಿ. ಅವರಿಗೆ ನಮ್ಮ ದಿನನಿತ್ಯದ ಬದುಕು ಕಾಣುವುದಿಲ್ಲವಲ್ಲ. ವಿಷುವಿನ ದಿನ ಹಿರಿಯರು ಮಕ್ಕಳ ಕೈಗೆ ನಾಣ್ಯ ಇಡುವ ಪದ್ಧತಿ ಇದೆ, ಮಲಯಾಳದವರು ಕೈನೀಟ್ಟಂ ಎನ್ನುತ್ತಾರೆ. ಅದು ಜಾಣತನದ ಪದ್ಧತಿ. ಯಾವ ಮಗುವೂ ನಾಣ್ಯ ನೋಡಿ 'ಇದು ನಂಗೆ ಬೇಡ' ಎಂದದ್ದು ನಾನು ಕೇಳಿಲ್ಲ.

ಸೋದರತ್ತೆಗೆ ನಗುತ್ತಾ ಹೇಳಿಬಿಡಿ. 'ಅತ್ತೆ, ನೀವು ಕೊಟ್ಟ ಗಡಿಯಾರ ನಾಲ್ಕಾಯಿತು, ಅಂಗನವಾಡಿಯಲ್ಲಿ ಒಂದೂ ಇಲ್ಲ. ಒಂದನ್ನು ನಿಮ್ಮ ಹೆಸರಲ್ಲಿ ಅಲ್ಲಿಗೆ ಕೊಡಲಾ?' ಬೇಡ ಎನ್ನುವ ಅತ್ತೆಯನ್ನು ನಾನು ಕಂಡಿಲ್ಲ. ಅಂಗನವಾಡಿ ಆಗಬಹುದು, ವಾಚನಾಲಯ ಆಗಬಹುದು, ಯಕ್ಷಗಾನ ಸಂಘದ ರೂಮು ಆಗಬಹುದು.

ಬೇರೆಯವರಿಗೆ ದಾಟಿಸುವುದು ತಪ್ಪಾ ಎಂದು ಕೇಳಿದ್ದೀರಿ. ನನ್ನ ಪ್ರಕಾರ ತಪ್ಪಲ್ಲ. ಗೇಬ್ರಿಯೆಲ್ ಆಡಮ್ಸ್ ಎಂಬ ಸಂಶೋಧಕಿ ಮತ್ತು ಜೊತೆಗಾರರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಮೇಲೆಯೇ ಇದೆ. ತಾವು ಕೊಟ್ಟದ್ದನ್ನು ಇನ್ನೊಬ್ಬರಿಗೆ ದಾಟಿಸಿದರೆ ಕೊಟ್ಟವರಿಗೆ ಆಗುವ ಬೇಸರ, ದಾಟಿಸಿದವರು ಹೆದರಿದ್ದಕ್ಕಿಂತ ತುಂಬ ಕಡಿಮೆ. ಆದರೆ ನಮ್ಮ ಕಡೆಯ ತೊಂದರೆ ಬೇರೆ. ಪೆರ್ಲದಿಂದ ಮುಳ್ಳೇರಿಯದವರೆಗೆ ಎಲ್ಲರೂ ಎಲ್ಲರಿಗೂ ನೆಂಟರು. ಅದೇ ಜನ, ಅದೇ ಹಾಲು. ಒಂದು ಲೆಮನ್ ಸೆಟ್ಟಿನ ಕಥೆ ಹೇಳುತ್ತೇನೆ. ಅದೇ, ಒಂದು ಜಗ್ಗು ಆರು ಗ್ಲಾಸಿನ ಪೆಟ್ಟಿಗೆ, ಒಂದು ಕಾಲದಲ್ಲಿ ಅದಿಲ್ಲದೆ ಮದುವೆ ಇರಲಿಲ್ಲ. ನಮ್ಮ ದೊಡ್ಡಮ್ಮ ಕೊಟ್ಟ ಒಂದು ಸೆಟ್ಟು ಮೂರು ಮದುವೆ, ಒಂದು ಉಪನಯನ ಸುತ್ತಿ ದೊಡ್ಡಮ್ಮನ ಮಗಳ ಮದುವೆಗೇ ವಾಪಸು ಬಂತು. ಜಗ್ಗಿನೊಳಗೆ ಅವರ ಕೈಬರಹದ ಚೀಟಿ ಹಾಗೇ ಇತ್ತು. ದೊಡ್ಡಮ್ಮ ಬೈಯಲಿಲ್ಲ. 'ಒಂದು ಗ್ಲಾಸೂ ಒಡೆದಿಲ್ಲ ನೋಡು, ಎಲ್ಲರೂ ಜೋಪಾನ ಮಾಡಿದ್ದಾರೆ' ಎಂದರು.

ಹಾಗಾಗಿ ದಾಟಿಸುವಾಗ ಚೀಟಿ ತೆಗೆಯಿರಿ, ನೆಂಟರ ವರ್ತುಲದ ಹೊರಗೆ ದಾಟಿಸಿ. ಕೈಯಾರೆ ಮಾಡಿದ್ದನ್ನು ದಾಟಿಸಬೇಡಿ. ಹೊಲಿದದ್ದು, ಕಸೂತಿ ಹಾಕಿದ್ದು, ಬರೆದದ್ದು. ದೇವರ ಫೋಟೋ ಜಾಸ್ತಿ ಆದರೆ ಹೆಚ್ಚಿನವರು ಹೆದರಿ ಅಟ್ಟದಲ್ಲಿ ಇಡುತ್ತಾರೆ. ಬೇಕು ಎನ್ನುವ ಮನೆಗೆ ಕೇಳಿ ಕೊಡಬಹುದು, ಅದರಲ್ಲಿ ದೋಷ ಏನಿದೆ?

ಇನ್ನು ನಿಮ್ಮ ಮಗಳು. ಇಡೀ ಪತ್ರದಲ್ಲಿ ನನಗೆ ಚಿಂತೆ ಹಚ್ಚಿದ್ದು ಇದು.

ಮಕ್ಕಳಿಗೆ ಬೇಡದ ಉಡುಗೊರೆ ಕೊಟ್ಟು ಮುಖ ನೋಡುವ ಪ್ರಯೋಗ ಮನಶ್ಶಾಸ್ತ್ರದಲ್ಲಿ ಹೆಸರುವಾಸಿ. ಕ್ಯಾರೊಲಿನ್ ಸಾರ್ನಿ 1984ರಲ್ಲಿ ಒಂದು, ಮೂರು ಮತ್ತು ಐದನೇ ಕ್ಲಾಸಿನ ಮಕ್ಕಳ ಜೊತೆ ಇದನ್ನು ಮಾಡಿದರು. ಮೊದಲ ಸಲ ಕೆಲಸ ಮಾಡಿಕೊಟ್ಟ ಮಕ್ಕಳಿಗೆ ಒಳ್ಳೆಯ ಬಹುಮಾನ. ಎರಡನೆಯ ಸಲ ಪುಟ್ಟ ಪಾಪುವಿನ ಆಟಿಕೆ. ದೊಡ್ಡ ಮಕ್ಕಳು, ಅದರಲ್ಲೂ ಹುಡುಗಿಯರು, ನಕ್ಕು ಥ್ಯಾಂಕ್ಸ್ ಹೇಳಿದರು. ಸಣ್ಣ ಮಕ್ಕಳ ಮುಖ ಬಾಡಿತು, ಮುಚ್ಚಿಡಲು ಬರಲಿಲ್ಲ. 1986ರಲ್ಲಿ ಪಮೇಲಾ ಕೋಲ್ ಇನ್ನೂ ಸಣ್ಣ ಹುಡುಗಿಯರನ್ನು ನೋಡಿದರು, ಮೂರು ನಾಲ್ಕು ವರ್ಷದವರು. ಕೊಟ್ಟವರು ಎದುರಿಗಿದ್ದರೆ ಅವರೂ ನಗುತ್ತಿದ್ದರು, ಒಬ್ಬರೇ ಆದಾಗ ಆ ನಗು ಇರಲಿಲ್ಲ. ಅಂದರೆ ಹೆಣ್ಣುಮಕ್ಕಳಿಗೆ ನಾವು ಈ ಪಾಠವನ್ನು ತುಂಬ ಬೇಗ ಕಲಿಸುತ್ತೇವೆ. ನಿಮ್ಮ ಮಗಳು ಇನ್ನೂ ಪೂರ್ತಿ ಕಲಿತಿಲ್ಲ. ಆರು ವರ್ಷಕ್ಕೆ ಅದು ಸಹಜ. ಗದರಿಸಿದ್ದಕ್ಕೆ ಅವಳ ಹತ್ತಿರ ಒಂದು ಮಾತು ಹೇಳಿಬಿಡಿ, 'ಎಲ್ಲರ ಎದುರು ಬೈದದ್ದು ನನ್ನ ತಪ್ಪು' ಎಂದು.

ಸುಳ್ಳು ಹೇಳಲು ಕಲಿಸಬೇಡಿ. 'ತುಂಬ ಚಂದ ಇದೆ ಅಜ್ಜ' ಎಂದು ಬಾಯಿಪಾಠ ಮಾಡಿಸಿದರೆ ಅವಳ ಪಾಲಿಗೂ ನಾಲ್ಕು ಗಡಿಯಾರ ಬರುತ್ತದೆ. ನಿಜವಾದ ಮಾತುಗಳಲ್ಲೇ ಹೇಳಬಹುದಾದ್ದು ಬೇಕಾದಷ್ಟಿದೆ. 'ಅಜ್ಜ, ನನಗೋಸ್ಕರ ಅಂಗಡಿಗೆ ಹೋದ್ರಾ?' 'ಇದರಲ್ಲಿ ಏನು ಮಾಡುವುದು, ತೋರಿಸಿ.' ಮನೆಯಲ್ಲಿ ಆಟದ ಹಾಗೆ ಅಭ್ಯಾಸ ಮಾಡಿಸಿ. ನೀವು ಅವಳಿಗೆ ಒಂದು ಈರುಳ್ಳಿ ಕಟ್ಟಿ ಕೊಡಿ, ಅವಳು ನಿಮಗೆ ಒಂದು ಚಪ್ಪಲಿ ಕಟ್ಟಿ ಕೊಡಲಿ. ಸುಳ್ಳು ಹೇಳದೆ ಯಾರು ಒಳ್ಳೆ ಮಾತು ಹೇಳುತ್ತಾರೆ ನೋಡೋಣ. ಈ ಆಟದಲ್ಲಿ ಮಕ್ಕಳು ದೊಡ್ಡವರನ್ನು ಸೋಲಿಸುತ್ತಾರೆ.

ಆದರೆ ನಿಮ್ಮ ಅಪ್ಪನಿಗೂ ಯಾರಾದರೂ ಹೇಳಬೇಕು. ಅವರ ಉಡುಗೊರೆ ಎಲ್ಲಿಂದ ಬಂತು ಎಂದು ನನಗೆ ಚೆನ್ನಾಗಿ ಅರ್ಥ ಆಗುತ್ತದೆ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದಾಗ ನಾವು ಈಚೆಗೆ, ಕೇರಳದಲ್ಲಿ ಉಳಿದೆವು. ಆಮೇಲಿನ ಎಪ್ಪತ್ತು ವರ್ಷದ ಹತ್ತಿರ ಹತ್ತಿರ, ಇಲ್ಲಿನ ಕನ್ನಡ ಮಾಸ್ತರುಗಳು ಪ್ರತಿ ಜೂನ್‌ನಲ್ಲಿ ಒಂದೇ ಲೆಕ್ಕ ಮಾಡುತ್ತಾರೆ, ಈ ವರ್ಷ ಒಂದನೇ ಕ್ಲಾಸಿಗೆ ಎಷ್ಟು ಮಕ್ಕಳು. ಮೊಮ್ಮಗಳು ಯಾವ ಮೀಡಿಯಮ್ಮಿನಲ್ಲಿ ಓದುತ್ತಾಳೆ ಎಂದು ನೀವು ಬರೆದಿಲ್ಲ. ಕನ್ನಡ ಅಲ್ಲ ಎಂದು ಊಹಿಸುತ್ತೇನೆ. ಅವರು ಕೊಟ್ಟದ್ದು ಮೊಮ್ಮಗಳಿಗೆ, ಹೇಳಿದ್ದು ನಿಮಗೆ. ನಿಮಗೆ ಹೇಳಲಾಗದ್ದನ್ನು ಕಾಪಿ ಪುಸ್ತಕ ಮಾಡಿ ಅವಳ ಕೈಲಿ ಇಟ್ಟರು. ಇದೂ ಬಣ್ಣದ ಕಾಗದ ಸುತ್ತಿದ ಸಲಹೆಯೇ, ತೂಕದ ಯಂತ್ರದ ಜಾತಿಯದ್ದು. ಮಗುವಿಗೆ ಅದು ಹೋಮ್‌ವರ್ಕ್ ಆಗಿ ಕಂಡಿತು. ಅವಳು ಕಂಡದ್ದು ಸರಿಯೇ.

ಅಪ್ಪನ ಹತ್ತಿರ ಆ ಮಾತನ್ನು ನೀವೇ ಎತ್ತಿ. 'ಅವಳಿಗೆ ಕನ್ನಡ ಬರುವುದಿಲ್ಲ ಅಂತ ನಿಮಗೆ ಬೇಸರ ಅಲ್ವಾ ಅಪ್ಪ?' ಅವರು ಏನು ಹೇಳುತ್ತಾರೋ ಕೇಳಿ. ಆಮೇಲೆ ಪುಸ್ತಕವನ್ನು ಅವರ ಮನೆಯಲ್ಲೇ ಇಟ್ಟುಬಿಡಿ. ರಜೆಯಲ್ಲಿ ಹೋದಾಗ ಒಂದು ಸಾಲು ಅಜ್ಜ ಬರೆಯಲಿ, ಪಕ್ಕದಲ್ಲಿ ಅವಳು ಅದರ ಚಿತ್ರ ಬರೆಯಲಿ. 'ಆನೆ'ಗೆ ಆನೆ, 'ಇಲಿ'ಗೆ ಇಲಿ. 'ಋ' ಬಂದಾಗ ಇಬ್ಬರೂ ಸೇರಿ ಏನು ಮಾಡುತ್ತಾರೋ ನೋಡಬೇಕು.

ಉರುಳಿಗೆ ಒಮ್ಮೆ ವಾಪಸು ಬರುತ್ತೇನೆ, ಕೆಲಸದ ಮಾತು ಬಾಕಿ ಇದೆ. ತಳದ ಕಪ್ಪು ಹೋಗಲು ಹುಣಸೆಹುಳಿಯೂ ಬೂದಿಯೂ ಸಾಕು, ತಂತಿ ಬ್ರಷ್ ಬೇಡ. ಕಂಚಿನಲ್ಲಿ ತಾಮ್ರ ಸುಮಾರು 78 ಪಾಲು, ತವರ 22 ಪಾಲು. ತವರ ಅಷ್ಟು ಇರುವುದರಿಂದಲೇ ಬಡಿದರೆ ಗಂಟೆಯ ಹಾಗೆ ದನಿ ಬರುತ್ತದೆ, ಕೈಜಾರಿ ಬಿದ್ದರೆ ಒಡೆಯುತ್ತದೆ. ಬೆರಳಿನಿಂದ ತಟ್ಟಿ ನೋಡಿ. ದನಿ ಉದ್ದಕ್ಕೆ ಹೋದರೆ ಒಳಗೆ ಬಿರುಕಿಲ್ಲ, ಟಪ್ ಎಂದು ನಿಂತರೆ ಎಲ್ಲೋ ಬಿರುಕಿದೆ, ಅಂಥದ್ದನ್ನು ಒಲೆಗೆ ಇಡಬೇಡಿ. ಹಿಡಿ ಅಲ್ಲಾಡುವುದು ರಿವಿಟ್ ಸಡಿಲವಾಗಿ ಇರಬಹುದು. ಕಂಚಿನ ಕೆಲಸ ಗೊತ್ತಿರುವವರ ಹತ್ತಿರವೇ ಕೊಡಿ. ಪಯ್ಯನ್ನೂರಿನ ಆಚೆ ಕುಂಞಿಮಂಗಲದಲ್ಲಿ ಮೇಣದ ಅಚ್ಚಿನಲ್ಲಿ ಎರಕ ಹೊಯ್ಯುವ ಮೂಶಾರಿಗಳು ಇದ್ದಾರೆ. ಪೇಟೆಯ ಪಾತ್ರೆ ಅಂಗಡಿಗೆ ಹೋದರೆ 'ಇದನ್ನು ತೂಕಕ್ಕೆ ಕೊಡಿ, ಹೊಸ ಸ್ಟೀಲು ಪಾತ್ರೆ ಕೊಡುತ್ತೇವೆ' ಎನ್ನುತ್ತಾರೆ. ಅತ್ತೆಯ ಹತ್ತಿರ ಮಾತಾಡುವವರೆಗೆ ಅಲ್ಲಿಗೆ ಹೋಗಬೇಡಿ. ತೂಕ ಎಷ್ಟಿದೆ ಎಂದು ತಿಳಿಯಲೇಬೇಕಿದ್ದರೆ ನಿಮ್ಮ ಮನೆಯಲ್ಲೇ ಹೊಸ ಯಂತ್ರ ಇದೆಯಲ್ಲ.